ದರ ಕೇಳುವುದನ್ನು ಬಿಟ್ಟು ಸೆಟ್ಟಿಂಗ್ ಸಮಯ ಕೇಳೋಣ

ಬೆಳಗಾವಿಯ ಉದ್ಯಮಬಾಗದಲ್ಲಿ ಜಾಬ್ ವರ್ಕ್ ಮಾಡುವ, ಅಂದರೆ ಬೇರೆ ಕಂಪನಿಗಳ ಡ್ರಾಯಿಂಗ್ ಪ್ರಕಾರ ಬಿಡಿಭಾಗ ಮಾಡಿಕೊಡುವ ಸಣ್ಣ ಮಷಿನ್ ಶಾಪ್‌ಗಳಿಗೆ ಹೋಲಿಕೆ ಎಂಬುದು ಹೊಸ ವಿದ್ಯೆಯಲ್ಲ. ಹೊಸ ಡ್ರಾಯಿಂಗ್ ಕೈಗೆ ಬಂದರೆ ಕೊಟೇಶನ್ ಬರೆಯುವ ಮೊದಲು ನಾವು ಪರಿಚಯದ ಇನ್ನೊಬ್ಬ ಶೆಡ್ಡಿನವರಿಗೆ ಫೋನ್ ಮಾಡಿ, "ಸಿಎನ್‌ಸಿ ತಾಸಿಗೆ ಏನ್ ಹಿಡದೀರಿ ಸಾವಕಾರ್ರ?" ಎಂದು ಕಂಪ್ಯೂಟರ್ ನಡೆಸುವ ಮಷಿನ್ನಿನ ದರ ಕೇಳುತ್ತೇವೆ, ಅವರು ಹೇಳಿದ ದರದಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಇಳಿಸಿ ನಮ್ಮದನ್ನು ಬರೆಯುತ್ತೇವೆ. ಮುಂದಿನ ಸಲ ಅವರೂ ಹಾಗೆಯೇ ಮಾಡುತ್ತಾರೆ. ಹೀಗೆ ಒಬ್ಬರನ್ನು ನೋಡಿ ಇನ್ನೊಬ್ಬರು ಇಳಿಯುತ್ತ ಹೋಗುವುದಕ್ಕೆ ಪೈಪೋಟಿ ಎಂದು ಹೆಸರಿಟ್ಟುಕೊಂಡಿದ್ದೇವೆ. ಅವರು ಒಂದು ಸೆಟ್ಟಿಂಗ್‌ಗೆ, ಅಂದರೆ ಮಷಿನ್ನನ್ನು ಹೊಸ ಜಾಬಿಗೆ ಸಜ್ಜುಗೊಳಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ನೂರು ಪೀಸಿನಲ್ಲಿ ಎಷ್ಟು ರಿಜೆಕ್ಟ್ ಆಗುತ್ತವೆ, ಲೋಹ ಕತ್ತರಿಸುವ ಒಂದು ಇನ್ಸರ್ಟ್ ಎಷ್ಟು ಪೀಸ್ ಬಾಳುತ್ತದೆ, ಬಿಲ್ಲಿನ ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬ ಯಾವ ಸಂಗತಿಯೂ ಆ ದರದಲ್ಲಿ ಕಾಣುವುದಿಲ್ಲ. ಮ್ಯಾನೇಜ್‌ಮೆಂಟ್ ಓದಿದವರು ಬೆಂಚ್‌ಮಾರ್ಕಿಂಗ್ ಎಂದು ಕರೆಯುವ ಪದ್ಧತಿ ಸಣ್ಣ ಉದ್ದಿಮೆಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಬಹುದು. 20 ಪೀಸಿನ ಒಂದು ಬ್ಯಾಚ್ ಇದೆ, ಪೀಸಿಗೆ 6 ನಿಮಿಷದ ಸೈಕಲ್ ಟೈಮ್, ಅಂದರೆ ಕಟಿಂಗ್‌ಗೆ ಒಟ್ಟು 2 ತಾಸು ಎಂದು ಇಟ್ಟುಕೊಳ್ಳಿ. ಒಂದು ಶಾಪಿನಲ್ಲಿ ಈ ಜಾಬ್ ಸೆಟ್ ಮಾಡಲು 2 ತಾಸು ಬೇಕು, ಇನ್ನೊಂದರಲ್ಲಿ ಅರ್ಧ ತಾಸು ಸಾಕು. ಮೊದಲನೆಯವರ ಮಷಿನ್ 4 ತಾಸು ಈ ಬ್ಯಾಚಿಗೆ ಹೋಯಿತು, ಎರಡನೆಯವರದು ಎರಡೂವರೆ ತಾಸು. ಇಬ್ಬರೂ ಪೀಸಿಗೆ ಒಂದೇ ದರ ಪಡೆದಿದ್ದರೂ ಎರಡನೆಯವರ ಮಷಿನ್ ತಾಸಿಗೆ ಶೇ 60ರಷ್ಟು ಹೆಚ್ಚು ಗಳಿಸುತ್ತದೆ. ಇದೇ ಜಾಬ್ 200 ಪೀಸಿನ ಆರ್ಡರ್ ಆಗಿ ಬಂದಿದ್ದರೆ ಒಬ್ಬರಿಗೆ 22 ತಾಸು, ಇನ್ನೊಬ್ಬರಿಗೆ ಇಪ್ಪತ್ತೂವರೆ ತಾಸು. ಅಂತರ ಶೇ 7ರ ಆಸುಪಾಸಿಗೆ ಕುಗ್ಗುತ್ತದೆ. ದೊಡ್ಡ ಆರ್ಡರು ನಿಧಾನದ ಸೆಟ್ಟಿಂಗನ್ನು ಮುಚ್ಚಿಹಾಕುತ್ತದೆ, ಸಣ್ಣ ಆರ್ಡರು ಅದನ್ನು ಬಯಲಿಗೆ ತರುತ್ತದೆ. ನಮ್ಮ ಊರಿನ ಹೈಡ್ರಾಲಿಕ್ ಕೆಲಸಗಳು, ಅದರಲ್ಲೂ ವಾಲ್ವ್ ಮತ್ತು ಪಂಪ್‌ಗಳ ಬಿಡಿಭಾಗಗಳು, ಹತ್ತಾರು ಮಾದರಿಗಳಲ್ಲಿ ಸಣ್ಣ ಸಣ್ಣ ಲಾಟ್ ಆಗಿಯೇ ಬರುತ್ತವೆ. ಆದರೂ ನಾವು ತಲೆ ಕೆಡಿಸಿಕೊಳ್ಳುವುದು ಸೈಕಲ್ ಟೈಮ್ ಕುರಿತೇ. ಆರು ನಿಮಿಷವನ್ನು ಐದಕ್ಕೆ ಇಳಿಸಲು ದುಬಾರಿ ಇನ್ಸರ್ಟ್ ತರಿಸುತ್ತೇವೆ. ಆ 20 ಪೀಸಿನ ಬ್ಯಾಚಿನಲ್ಲಿ ಅದರಿಂದ ಉಳಿಯುವುದು 20 ನಿಮಿಷ. ಸೆಟ್ಟಿಂಗನ್ನು ಎರಡು ತಾಸಿನಿಂದ ಒಂದಕ್ಕೆ ಇಳಿಸಿದರೆ ಮೂರು ಪಟ್ಟು ಉಳಿಯುತ್ತದೆ, ಖರ್ಚು ಬಹುತೇಕ ಇಲ್ಲ.

ಸೆಟ್ಟಿಂಗ್ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಘಟನೆ ಟೊಯೊಟಾ ಕಾರ್ಖಾನೆಯದು. 1969ರಲ್ಲಿ ಅಲ್ಲಿನ 1000 ಟನ್ನಿನ ಪ್ರೆಸ್ಸಿನ ಡೈ (ಅಚ್ಚು) ಬದಲಿಸಲು 4 ತಾಸು ಹಿಡಿಯುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಅಂಥದೇ ಪ್ರೆಸ್ಸಿನ ಡೈಯನ್ನು 2 ತಾಸಿನಲ್ಲಿ ಬದಲಿಸುತ್ತದೆ ಎಂದು ತಿಳಿದಾಗ, ಅದಕ್ಕಿಂತ ಕಡಿಮೆ ಆಗಬೇಕೆಂದು ಆಡಳಿತದವರು ಪಟ್ಟು ಹಿಡಿದರು. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಅಲ್ಲಿಯವರೊಂದಿಗೆ ಕುಳಿತು ಅದನ್ನು 90 ನಿಮಿಷಕ್ಕೆ ಇಳಿಸಿದರು; ಬಳಿಕ ಮೂರು ನಿಮಿಷಕ್ಕೆ ತನ್ನಿ ಎಂಬ ಆಜ್ಞೆ ಬಂದಾಗ ಅದನ್ನೂ ಸಾಧಿಸಿದರು. ಈ ಕಥೆಯಲ್ಲಿ ಮೂರು ನಿಮಿಷಕ್ಕೆ ಬೆರಗಾಗುವವರೇ ಹೆಚ್ಚು. ನನಗೆ ಮುಖ್ಯವೆನಿಸುವುದು ಫೋಕ್ಸ್‌ವ್ಯಾಗನ್ ಅಂಕಿಯ ಪಾತ್ರ. ಎರಡು ತಾಸಿನಲ್ಲಿ ಆಗುತ್ತದೆ ಎಂಬ ಸುದ್ದಿ ಅವರಿಗೆ ವಿಧಾನವನ್ನು ಕಲಿಸಲಿಲ್ಲ, ನಾಲ್ಕು ತಾಸು ಅನಿವಾರ್ಯವೇನಲ್ಲ ಎಂಬುದನ್ನಷ್ಟೇ ತೋರಿಸಿತು. ವಿಧಾನ ಸಿಕ್ಕಿದ್ದು ತಮ್ಮದೇ ಪ್ರೆಸ್ಸಿನ ಮುಂದೆ ನಿಂತು, ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಹಿಂದಿನ ಜಾಬ್ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಯಾವುದು ಎಂದು ಬೇರ್ಪಡಿಸಿ ನೋಡಿದಾಗ.

ಈ ಬೇರ್ಪಡಿಸುವಿಕೆಗೆ ಸಲಹೆಗಾರರು ಬೇಕಿಲ್ಲ. ಮೊಬೈಲನ್ನು ಮಷಿನ್ ಎದುರಿಗೆ ನಿಲ್ಲಿಸಿ ಒಂದು ಸೆಟ್ಟಿಂಗ್ ಪೂರ್ತಿ ಚಿತ್ರೀಕರಿಸಿ, ಸಂಜೆ ಆಪರೇಟರ್‌ಗಳೊಂದಿಗೆ ಚಹಾ ಕುಡಿಯುತ್ತ ನೋಡಿದರೆ ಸಾಕು. ನಮ್ಮ ಶಾಪಿನಲ್ಲಿ ಹಾಗೆ ನೋಡಿದಾಗ ಸೆಟ್ಟಿಂಗ್ ಎಂದು ನಾವು ಕರೆಯುತ್ತಿದ್ದ ಸಮಯದ ದೊಡ್ಡ ಪಾಲು ಹುಡುಕಾಟಕ್ಕೆ ಹೋಗುತ್ತಿರುವುದು ಕಂಡಿತು: ಪೀಸನ್ನು ಹಿಡಿಯಲು ಕಳೆದ ಸಲ ಬೋರ್ ಮಾಡಿದ ಸಾಫ್ಟ್ ಜಾ ಎಲ್ಲಿದೆ, ಡ್ರಾಯಿಂಗ್‌ನ ಹೊಸ ಪ್ರತಿ ಯಾರ ಬಳಿ ಇದೆ, ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ಯಾವ ಮಷಿನ್‌ನವರು ಒಯ್ದಿದ್ದಾರೆ, ಮೊದಲ ಪೀಸ್ ನೋಡಿ ಒಪ್ಪಿಗೆ ಕೊಡಬೇಕಾದ ಸೂಪರ್‌ವೈಜರ್ ಎಲ್ಲಿಗೆ ಹೋಗಿದ್ದಾರೆ. ಇವುಗಳಲ್ಲಿ ಒಂದಕ್ಕೂ ಮಷಿನ್ ನಿಲ್ಲಿಸಬೇಕಾದ ಅಗತ್ಯವಿರಲಿಲ್ಲ. ಈಗ ಪ್ರತಿ ಪಾರ್ಟ್‌ಗೂ ಒಂದು ಟ್ರೇ ಇದೆ. ಪಾರ್ಟ್ ನಂಬರ್ ಕೊರೆದ ಜಾ, ಡ್ರಾಯಿಂಗ್, ಪ್ರೋಗ್ರಾಮ್ ನಂಬರ್, ಗೇಜ್, ಟೂಲ್‌ಗಳ ಪಟ್ಟಿ ಎಲ್ಲವೂ ಅದರಲ್ಲಿವೆ. ಮುಂದಿನ ಜಾಬಿನ ಟ್ರೇ, ಹಿಂದಿನ ಜಾಬ್ ಮುಗಿಯುವ ಮೊದಲೇ ಮಷಿನ್ ಪಕ್ಕಕ್ಕೆ ಬರಬೇಕು ಎಂಬುದು ನಿಯಮ. ಫಿಕ್ಸ್ಚರ್‌ಗಳ ಬೋಲ್ಟ್‌ಗಳನ್ನು ಸಾಧ್ಯವಾದ ಕಡೆಗಳಲ್ಲೆಲ್ಲ ಒಂದೇ ಅಳತೆಗೆ ತಂದಿದ್ದರಿಂದ ಒಂದೇ ಅಲೆನ್ ಕೀಲಿಯಲ್ಲಿ ಕೆಲಸ ಸಾಗುತ್ತದೆ. ಇದರಲ್ಲಿ ಜಾಣತನವೇನಿಲ್ಲ, ಶಿಸ್ತಿನ ಕಾರ್ಖಾನೆಗಳಲ್ಲಿ ಎಂದಿನಿಂದಲೋ ಇರುವ ರೂಢಿ ಇದು. ಉತ್ತಮ ಪದ್ಧತಿಗಳೆಂದು ಹೇಳಲಾಗುವವುಗಳಲ್ಲಿ ಬಹುಪಾಲು ಹೀಗೆಯೇ ಸಪ್ಪೆಯಾಗಿರುತ್ತವೆ.

ಯಾರೊಂದಿಗೆ ಹೋಲಿಸಿಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ನಮ್ಮದೇ ಕೆಲಸ ಮಾಡುವವರು ಬಾಗಿಲು ತೆರೆಯುವುದಿಲ್ಲ, ದೊಡ್ಡ ಕಂಪನಿಗಳ ಪದ್ಧತಿ ನಮಗೆ ಹೊಂದುವುದಿಲ್ಲ ಎಂದು ಹೇಳಿ ಹಲವರು ಈ ಮಾತನ್ನು ಇಲ್ಲಿಗೇ ಕೈಬಿಡುತ್ತಾರೆ. ಈ ಪದ್ಧತಿಗೆ ಹೆಸರು ತಂದ ಜೆರಾಕ್ಸ್ ಕಂಪನಿಯ ಅನುಭವ ಇಲ್ಲಿ ದಾರಿ ತೋರಿಸುತ್ತದೆ. 1970ರ ದಶಕದ ಕೊನೆಯ ಹೊತ್ತಿಗೆ, ತಾವು ಒಂದು ಯಂತ್ರ ತಯಾರಿಸಲು ಮಾಡುವ ಖರ್ಚಿನಷ್ಟೇ ಬೆಲೆಗೆ ಜಪಾನಿನವರು ಅಮೆರಿಕದಲ್ಲಿ ಯಂತ್ರ ಮಾರುತ್ತಿದ್ದಾರೆಂದು ಅವರಿಗೆ ಅರಿವಾಯಿತು. 1979ರಿಂದ ಅವರು ವ್ಯವಸ್ಥಿತವಾಗಿ ಪ್ರತಿಸ್ಪರ್ಧಿಗಳ ಯಂತ್ರಗಳನ್ನು ಬಿಚ್ಚಿ, ಖರ್ಚನ್ನು ಬಿಡಿಬಿಡಿಯಾಗಿ ಹೋಲಿಸತೊಡಗಿದರು. ಬಿಡಿಭಾಗಗಳ ಗೋದಾಮಿನ ವಿಷಯಕ್ಕೆ ಬಂದಾಗ ರಾಬರ್ಟ್ ಕ್ಯಾಂಪ್ ಮತ್ತು ಅವರ ಸಂಗಡಿಗರು ಆರಿಸಿಕೊಂಡದ್ದು ಇನ್ನೊಂದು ಯಂತ್ರ ಕಂಪನಿಯನ್ನಲ್ಲ. ಅಂಚೆ ಮೂಲಕ ಬೂಟು, ಬಟ್ಟೆ, ಬೇಟೆಯ ಸಾಮಾನು ಮಾರುತ್ತಿದ್ದ ಎಲ್.ಎಲ್. ಬೀನ್ ಎಂಬ ವ್ಯಾಪಾರಿ ಸಂಸ್ಥೆಯನ್ನು. ಆಕಾರ, ತೂಕ ಒಂದಕ್ಕೊಂದು ಹೊಂದದ ವಸ್ತುಗಳನ್ನು ಕೈಯಿಂದಲೇ ಆಯ್ದು ಕಳಿಸುವ ಕೆಲಸ ಇಬ್ಬರದೂ ಒಂದೇ ಬಗೆಯದಾಗಿತ್ತು, ಮತ್ತು ಬೀನ್‌ನವರು ಅದನ್ನು ಬಹಳ ವೇಗವಾಗಿ ಮಾಡುತ್ತಿದ್ದರು. ಹೆಚ್ಚು ಮಾರಾಟವಾಗುವ ಸಾಮಾನನ್ನು ಪ್ಯಾಕಿಂಗ್ ಜಾಗಕ್ಕೆ ಹತ್ತಿರ ಇಡುವಂಥ ಸರಳ ಕ್ರಮಗಳು ಅದರ ಹಿಂದಿದ್ದವು. ಜೆರಾಕ್ಸ್‌ನ ಒಂದು ವಿಭಾಗಕ್ಕೆ 1989ರಲ್ಲಿ ಅಮೆರಿಕದ ಮಾಲ್ಕಮ್ ಬಾಲ್ಡ್ರಿಜ್ ಗುಣಮಟ್ಟ ಪ್ರಶಸ್ತಿ ಬಂತು.

ಈ ದೃಷ್ಟಿಯಿಂದ ನೋಡಿದರೆ ಬೆಳಗಾವಿಯಲ್ಲಿ ನಮಗೆ ಗುರುಗಳ ಕೊರತೆಯಿಲ್ಲ. ಟೂಲ್ ಸ್ಟೋರ್ ಹೇಗಿರಬೇಕೆಂದು ತಿಳಿಯಲು ಔಷಧದ ಸಗಟು ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಅರ್ಧ ತಾಸು ಕುಳಿತರೂ ಆದೀತು. ಸಾವಿರಾರು ಬಗೆಯ ಸಣ್ಣ ಪೊಟ್ಟಣಗಳು, ಪ್ರತಿಯೊಂದಕ್ಕೂ ರ‍್ಯಾಕ್ ನಂಬರ್, ಅವಧಿ ಮೊದಲು ಮುಗಿಯುವುದು ಮೊದಲು ಹೊರಗೆ, ಹುಡುಗ ಚೀಟಿ ನೋಡಿ ಎರಡು ನಿಮಿಷದಲ್ಲಿ ಎಲ್ಲವನ್ನೂ ಎತ್ತಿ ತರುತ್ತಾನೆ. ಅವರಿಗೆ ನಾವು ಪ್ರತಿಸ್ಪರ್ಧಿಗಳಲ್ಲವಾದ್ದರಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ, ಚಹಾ ಕೂಡ ಕೊಡುತ್ತಾರೆ.

ಹೋಲಿಕೆ ಅತಿ ಹೆಚ್ಚು ಹಾದಿ ತಪ್ಪುವುದು ಅಳತೆಯಲ್ಲಿ. ಕಾಸ್ಟಿಂಗ್ (ಎರಕದ ಭಾಗ) ರಿಜೆಕ್ಷನ್ ಎಷ್ಟು ಎಂದು ಎರಕ ಹೊಯ್ಯುವ ಫೌಂಡ್ರಿಯವರನ್ನು ಕೇಳಿದರೆ ಒಂದು ಅಂಕಿ ಹೇಳುತ್ತಾರೆ, ಅದೇ ಕಾಸ್ಟಿಂಗನ್ನು ಮಷಿನ್ ಮೇಲೆ ಕೊರೆಯುವ ನಾವು ಇನ್ನೊಂದು ಹೇಳುತ್ತೇವೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಅವರು ಮೋಲ್ಡ್ ಒಡೆದು ಸ್ವಚ್ಛ ಮಾಡಿದಾಗ ಕಣ್ಣಿಗೆ ಬಿದ್ದದ್ದನ್ನು ಎಣಿಸುತ್ತಾರೆ. ಬ್ಲೋ ಹೋಲ್ (ಲೋಹದೊಳಗಿನ ಗಾಳಿಗುಳ್ಳೆ) ಎಂಬುದು ಅನೇಕ ಸಲ ನಮ್ಮ ಎರಡನೆಯ ಆಪರೇಷನ್ನಿನಲ್ಲಿ, ಬೋರ್ ಫಿನಿಶ್ ಆಗುವ ಹೊತ್ತಿಗೆ ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ಲೋಹದ ಬೆಲೆಯ ಮೇಲೆ ನಮ್ಮ ಮಷಿನ್ ತಾಸೂ ಸೇರಿರುತ್ತದೆ. ಆದ್ದರಿಂದ ಎರಡು ಫೌಂಡ್ರಿಗಳನ್ನು ಹೋಲಿಸುವವರು ಮೊದಲು ಕೇಳಬೇಕಾದದ್ದು ರಿಜೆಕ್ಷನ್ನನ್ನು ಯಾವ ಹಂತದಲ್ಲಿ ಎಣಿಸಿದ್ದೀರಿ ಎಂದು. ಕಾಲವನ್ನೂ ಕೇಳಬೇಕು. ಬೆಳಗಾವಿಯ ಮಳೆಗಾಲದಲ್ಲಿ ಮೋಲ್ಡ್ ಮಾಡುವ ಮರಳಿನ ತೇವವನ್ನು ಹಿಡಿತದಲ್ಲಿ ಇಡುವುದು ಬೇಸಿಗೆಯಷ್ಟು ಸುಲಭವಲ್ಲ, ಹಾಗಾಗಿ ಜುಲೈ ತಿಂಗಳನ್ನು ಹಿಂದಿನ ವರ್ಷದ ಜುಲೈಯೊಂದಿಗೆ ಇಟ್ಟು ನೋಡುವುದು ನ್ಯಾಯ.

ಕರೆಂಟಿನ ಲೆಕ್ಕದಲ್ಲೂ ಇದೇ ತೊಡಕು. ಬೀಡುಕಬ್ಬಿಣವನ್ನು ಕರಗಿಸಿ ಸುರಿಯುವ ಬಿಸಿಗೆ ತರಲು ಸಿದ್ಧಾಂತದ ಪ್ರಕಾರ ಟನ್ನಿಗೆ ಸುಮಾರು 400 ಯುನಿಟ್ ಸಾಕು. ಚೆನ್ನಾಗಿ ನಡೆಸುವ ಇಂಡಕ್ಷನ್ ಫರ್ನೇಸ್‌ಗಳು 550ರಿಂದ 600ರ ನಡುವೆ ಇರುತ್ತವೆ, ಮುಚ್ಚಳ ತೆರೆದಿಟ್ಟು, ತುಕ್ಕು ಮತ್ತು ಮರಳು ಅಂಟಿದ ಸ್ಕ್ರ್ಯಾಪ್ ಹಾಕಿ, ಕರಗಿದ ಲೋಹವನ್ನು ಮೋಲ್ಡ್‌ಗಾಗಿ ಕಾಯಿಸುತ್ತ ಕೂತರೆ 700ನ್ನೂ ಮುಟ್ಟುತ್ತವೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆದರೆ ಪಾರ್ಟಿ (ಗಿರಾಕಿ) ಹಣ ಕೊಡುವುದು ಕರಗಿದ ಲೋಹಕ್ಕಲ್ಲ, ಒಪ್ಪಿಗೆಯಾದ ಕಾಸ್ಟಿಂಗ್‌ಗೆ. ಟನ್ನಿಗೆ 600 ಯುನಿಟ್ ಸುಡುವ ಫೌಂಡ್ರಿಯಲ್ಲಿ ಮೋಲ್ಡಿನ ದಾರಿಗಳಲ್ಲಿ ಉಳಿಯುವ ರನ್ನರ್, ರೈಸರ್ ಲೋಹ ಮತ್ತು ರಿಜೆಕ್ಷನ್ ಎಲ್ಲ ಕಳೆದು ಯೀಲ್ಡ್, ಅಂದರೆ ಕೈಗೆ ಬರುವ ಒಳ್ಳೆಯ ಕಾಸ್ಟಿಂಗ್‌ನ ಪಾಲು, ಶೇ 60 ಇದ್ದರೆ ಒಂದು ಟನ್ ಒಳ್ಳೆಯ ಕಾಸ್ಟಿಂಗ್‌ಗೆ 1000 ಯುನಿಟ್ ಬಿದ್ದಂತಾಯಿತು. 640 ಯುನಿಟ್ ಸುಡುವ ಇನ್ನೊಂದರ ಯೀಲ್ಡ್ ಶೇ 70 ಇದ್ದರೆ ಅವರಿಗೆ ಬೀಳುವುದು ಸುಮಾರು 914. ಫರ್ನೇಸನ್ನಷ್ಟೇ ಹೋಲಿಸಿದವರು ಮೊದಲನೆಯವರನ್ನು ಹೊಗಳುತ್ತಾರೆ, ಪೂರ್ತಿ ಹೋಲಿಸಿದವರು ಎರಡನೆಯವರ ಗೇಟಿಂಗ್ ಡಿಸೈನ್ (ಮೋಲ್ಡಿನೊಳಗೆ ಲೋಹ ಹರಿಯುವ ದಾರಿಯ ವಿನ್ಯಾಸ) ನೋಡಲು ಹೋಗುತ್ತಾರೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಯೊಂದಿಗೆ ನಡೆಸಿದ ಯೋಜನೆಯಲ್ಲಿ ಕೊಯಮತ್ತೂರು, ಇಂದೋರ್ ಜೊತೆಗೆ ಬೆಳಗಾವಿಯ ಫೌಂಡ್ರಿಗಳೂ ಸೇರಿದ್ದವು. ಒಂದೇ ಅಳತೆಗೋಲಿನಲ್ಲಿ ಮೂರು ಊರುಗಳನ್ನು ನೋಡುವ ಇಂಥ ಅವಕಾಶ ಬಿಡಿ ಘಟಕಕ್ಕೆ ತಾನಾಗಿ ಸಿಗುವುದಿಲ್ಲ.

ಫೌಂಡ್ರಿ ಇಲ್ಲದವರಿಗೆ ಕಂಪ್ರೆಸರ್ ಇದ್ದೇ ಇರುತ್ತದೆ. ಕೆಲಸ ನಿಂತ ಮೇಲೆ, ಗಾಳಿ ಬಳಸುವ ಯಾವ ಮಷಿನ್ನೂ ನಡೆಯದಿರುವಾಗ ಅದನ್ನು ಚಾಲೂ ಇಟ್ಟು ಎಷ್ಟು ಹೊತ್ತು ಲೋಡ್ ಆಗುತ್ತದೆ (ಗಾಳಿ ತುಂಬುತ್ತದೆ), ಎಷ್ಟು ಹೊತ್ತು ಅನ್‌ಲೋಡ್ ಇರುತ್ತದೆ (ಗಾಳಿ ತುಂಬದೆ ಸುಮ್ಮನೆ ಓಡುತ್ತದೆ) ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಎಂದಾದರೆ ಕಂಪ್ರೆಸರಿನ ಸಾಮರ್ಥ್ಯದ ಕಾಲುಭಾಗ ಸೋರಿಕೆಗೇ ಹೋಗುತ್ತಿದೆ. ಒತ್ತಡವನ್ನು 1 ಬಾರ್ ಇಳಿಸಿ ಕೆಲಸ ನಡೆಯುವುದಾದರೆ ಕಂಪ್ರೆಸರಿನ ಕರೆಂಟಿನಲ್ಲಿ ಶೇ 6-7ರಷ್ಟು ಉಳಿಯುತ್ತದೆ. ಸೋರಿಕೆಯ ಈ ಅಂಕಿ ಶೆಡ್ಡಿನ ಗಾತ್ರಕ್ಕೆ ಅಂಟಿಕೊಂಡಿಲ್ಲದ ಕಾರಣ ಯಾರೊಂದಿಗೆ ಬೇಕಾದರೂ ಹೋಲಿಸಬಹುದು, ಹೇಳಿಕೊಳ್ಳಲು ಯಾರೂ ಹಿಂಜರಿಯುವುದೂ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಅಂಕಿಯೊಂದಿದೆ, ಅದರ ಮೇಲೆ ನನಗೆ ಸಿಟ್ಟಿದೆ. ತರಬೇತಿಗಳಲ್ಲಿ ಮಷಿನ್ನಿನ ಒಟ್ಟು ಪರಿಣಾಮಕಾರಿತ್ವ, ಅಂದರೆ ಓಇಇ, ಶೇ 85 ಇದ್ದರೆ ಜಾಗತಿಕ ದರ್ಜೆ ಎಂದು ಪರದೆಯ ಮೇಲೆ ತೋರಿಸುತ್ತಾರೆ. ಜಪಾನಿನ ಸೆಯಿಚಿ ನಕಾಜಿಮಾ ಅವರಿಂದ ಬಂದ ಈ ಅಂಕಿಯಲ್ಲಿ ಮಷಿನ್ ಲಭ್ಯತೆ ಶೇ 90, ವೇಗ ಶೇ 95, ಗುಣಮಟ್ಟ ಶೇ 99ಕ್ಕಿಂತ ಹೆಚ್ಚು ಎಂದು ಹಿಡಿಯಲಾಗಿದೆ. ದಿನವಿಡೀ ಒಂದೇ ಪಾರ್ಟ್ ಓಡುವ ಲೈನಿಗೆ ಅದು ಸರಿಹೋದೀತು. ಒಂದು ಪಾಳಿಯಲ್ಲಿ ಮೂರು ಬಗೆಯ ಜಾಬ್ ಬದಲಿಸುವ ಶಾಪಿನಲ್ಲಿ ಸೆಟ್ಟಿಂಗ್ ಸಮಯವೇ ಲಭ್ಯತೆಯನ್ನು ತಿಂದುಹಾಕುತ್ತದೆ. ಆ ಶೇ 85ನ್ನು ಗೋಡೆಗೆ ಅಂಟಿಸಿದರೆ ಆಗುವುದು ಎರಡರಲ್ಲಿ ಒಂದು: ಆಪರೇಟರ್ ಸುಳ್ಳು ಲೆಕ್ಕ ಬರೆಯುತ್ತಾನೆ, ಇಲ್ಲವೇ ಮಾಲಕರು ಸಣ್ಣ ಲಾಟ್ ಬೇಡವೆಂದು ಹೇಳಿ ತಮ್ಮ ಅನ್ನದ ಪಾರ್ಟಿಯನ್ನೇ ಕಳೆದುಕೊಳ್ಳುತ್ತಾರೆ.

ಹೋಲಿಕೆಗೆ ಸಂಗಾತಿಗಳು ಸಿಕ್ಕರೂ ಕೆಲವು ಕಟ್ಟುಪಾಡುಗಳು ಬೇಕು. ನೀವು ಹೇಳಲು ಸಿದ್ಧರಿಲ್ಲದ್ದನ್ನು ಅವರಿಂದ ಕೇಳಬಾರದು. ಪಾರ್ಟಿಯ ಡ್ರಾಯಿಂಗ್ ತೋರಿಸಬಾರದು, ಅದು ನಮ್ಮ ಆಸ್ತಿಯಲ್ಲ. ರೂಪಾಯಿಯ ಬದಲು ಅನುಪಾತಗಳನ್ನು ಹಂಚಿಕೊಳ್ಳಬೇಕು: ಸೆಟ್ಟಿಂಗ್ ನಿಮಿಷ, ನೂರಕ್ಕೆ ರಿವರ್ಕ್, ಕೊಟ್ಟ ಮಾತಿನ ದಿನ ಡಿಸ್ಪ್ಯಾಚ್ ಆದ ಲಾಟ್‌ಗಳ ಪಾಲು, ಸೋರಿಕೆಯ ಪ್ರಮಾಣ. ದರದ ಮಾತು ಆ ಕೂಟದಲ್ಲಿ ಬರಲೇಬಾರದು. ಅದರಿಂದ ಕಲಿಯುವುದೇನೂ ಇಲ್ಲವೆಂಬುದು ಒಂದು ಕಾರಣ, ಒಂದೇ ವ್ಯಾಪಾರದವರು ಕೂಡಿ ಬೆಲೆ ಗೊತ್ತುಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯಿದೆ ನಿಷೇಧಿಸುತ್ತದೆ ಎಂಬುದು ಇನ್ನೊಂದು. ಅಂಕಿಗಳನ್ನು ಎಲ್ಲರಿಂದ ಪಡೆದು, ಹೆಸರು ತೆಗೆದು, ಪಟ್ಟಿ ಮಾಡಿ ಹಿಂದಿರುಗಿಸುವ ಮೂರನೆಯವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಉದ್ಯಮಬಾಗದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹುಡುಕುತ್ತಲೇ ಇರುತ್ತಾರೆ. ನಮ್ಮ ನಿಜವಾದ ಪೈಪೋಟಿ ಪಕ್ಕದ ಶೆಡ್ಡಿನವರಿಗಿಂತ ಕೊಲ್ಹಾಪುರ, ರಾಜಕೋಟ್, ಕೊಯಮತ್ತೂರುಗಳ ಜೊತೆಗೆ ಇದೆ ಎಂದು ಒಪ್ಪಿಕೊಂಡವರಿಗೆ ಇದು ಕಷ್ಟವಾಗಲಾರದು.

ಇಷ್ಟೆಲ್ಲ ಮಾಡಿದರೆ ನಿಜವಾಗಿ ಲಾಭವಿದೆಯೇ ಎಂದು ಕೇಳುವವರಿಗೆ ನಮ್ಮ ದೇಶದ್ದೇ ಸಾಕ್ಷ್ಯವಿದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸಮೀಪದ ತಾರಾಪುರ ಮತ್ತು ಉಂಬರಗಾಂವ್‌ಗಳ ನೇಯ್ಗೆ ಕಾರ್ಖಾನೆಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲವು ಕಾರ್ಖಾನೆಗಳಿಗೆ ಸಲಹೆಗಾರರು ತಿಂಗಳುಗಟ್ಟಲೆ ಜೊತೆಗಿದ್ದು ಸ್ವಚ್ಛತೆ, ನೂಲಿನ ದಾಸ್ತಾನು, ದೋಷಗಳ ದಾಖಲೆ, ಯಂತ್ರ ನಿಂತದ್ದರ ದಾಖಲೆ ಮುಂತಾದ 38 ಪದ್ಧತಿಗಳನ್ನು ಅಳವಡಿಸಲು ನೆರವಾದರು. ಉಳಿದವಕ್ಕೆ ಕೊರತೆಗಳನ್ನು ತೋರಿಸಿಕೊಟ್ಟು ಅಷ್ಟಕ್ಕೇ ಬಿಟ್ಟರು. ಮೊದಲ ಗುಂಪಿನ ಉತ್ಪಾದಕತೆ ಮೊದಲ ವರ್ಷದಲ್ಲೇ ಶೇ 17ರಷ್ಟು ಏರಿತು. ಆ ಕಾರ್ಖಾನೆಗಳು ನಮ್ಮಂಥ ಹತ್ತು ಹದಿನೈದು ಜನರ ಶಾಪ್‌ಗಳಿಗಿಂತ ಬಹಳ ದೊಡ್ಡವು ಎಂಬುದನ್ನು ಮರೆಯಬಾರದು. ಆದರೂ ಅಲ್ಲಿನ ಮಾಲಕರು ಮೊದಲು ಈ ಪದ್ಧತಿಗಳನ್ನು ಏಕೆ ಅಳವಡಿಸಿರಲಿಲ್ಲ ಎಂಬುದರ ಕಾರಣ ನಮಗೂ ಅನ್ವಯಿಸುತ್ತದೆ: ಅನೇಕರಿಗೆ ತಮ್ಮ ಸ್ಥಿತಿ ಚೆನ್ನಾಗಿಯೇ ಇದೆ, ಅಳೆದು ನೋಡುವ ಅಗತ್ಯವಿಲ್ಲ ಎನಿಸಿತ್ತು. ವರ್ಷಗಳ ನಂತರ ಅದೇ ತಂಡ ಮರಳಿ ಹೋದಾಗ ಅಳವಡಿಸಿದ್ದರಲ್ಲಿ ಸುಮಾರು ಅರ್ಧದಷ್ಟು ಪದ್ಧತಿಗಳು ಬಿಟ್ಟುಹೋಗಿದ್ದವು. ಮ್ಯಾನೇಜರ್ ಬದಲಾದದ್ದು, ಮಾಲಕರಿಗೆ ಪುರುಸೊತ್ತು ಇಲ್ಲದ್ದು ಅದಕ್ಕೆ ಮುಖ್ಯ ಕಾರಣಗಳು. ಉಳಿದ ಅರ್ಧದಿಂದಲೇ ಅವರು ಇತರರಿಗಿಂತ ಮುಂದಿದ್ದರು.

ಸರಕಾರದ ಯೋಜನೆಗಳ ಬಗ್ಗೆ ಎರಡು ಮಾತು ಸಾಕು. 2022ರಲ್ಲಿ ಹೊಸ ರೂಪದಲ್ಲಿ ಬಂದ ಝೆಡ್ (ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಯ) ಪ್ರಮಾಣೀಕರಣದ ವೆಚ್ಚದಲ್ಲಿ ಸೂಕ್ಷ್ಮ ಘಟಕಗಳಿಗೆ ಶೇ 80, ಸಣ್ಣ ಘಟಕಗಳಿಗೆ ಶೇ 60 ರಿಯಾಯಿತಿ ಘೋಷಿಸಲಾಗಿತ್ತು. ಉತ್ಪಾದನೆಯಲ್ಲಿ ವ್ಯರ್ಥ ತಗ್ಗಿಸುವ 2023ರ ಲೀನ್ ಯೋಜನೆಯಲ್ಲಿ ಸಲಹೆಗಾರರ ವೆಚ್ಚದ ಶೇ 90ನ್ನು ಕೇಂದ್ರ ಭರಿಸುವುದಾಗಿ ಹೇಳಿತ್ತು. ಪ್ರಮಾಣಪತ್ರಕ್ಕಾಗಿ ಹೋಗುವವರು ಫೋಟೊ ತೆಗೆಸಿ ಫೈಲ್ ಮುಚ್ಚುತ್ತಾರೆ, ಝೆಡ್ ಪ್ರಶ್ನಾವಳಿಯನ್ನು ತಮ್ಮ ಶಾಪಿನ ತಪಾಸಣೆಗೆ ಬಳಸುವವರಿಗೆ ಅದು ಪುಕ್ಕಟೆ ಹೋಲಿಕೆ ಪಟ್ಟಿ. ಹಾಗೆಯೇ ಬಿಲ್ ವಸೂಲಿಯ ದಿನಗಳನ್ನೂ ಹೋಲಿಕೆಗೆ ಸೇರಿಸಬೇಕು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯಿದೆಯ ಪ್ರಕಾರ ಕರಾರು ಇದ್ದರೂ 45 ದಿನಕ್ಕಿಂತ ಹೆಚ್ಚು ತಡಮಾಡುವಂತಿಲ್ಲ, ಕರಾರು ಇಲ್ಲದಿದ್ದರೆ 15 ದಿನ. ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ, ಗಡುವು ಬರೆದು ಕಳಿಸುವವರಿಗೆ ಹಣ ಬೇಗ ಬರುತ್ತದೆಯೇ ಎಂಬುದು ಪಕ್ಕದವರನ್ನು ಕೇಳಬಹುದಾದ ಒಳ್ಳೆಯ ಪ್ರಶ್ನೆ.

ನಮ್ಮ ಶಾಪಿನ ರಿಜಿಸ್ಟರ್ ಒಂದು ಪುಟಕ್ಕೆ ಮೀರುವುದಿಲ್ಲ. ಮಷಿನ್ ನಂಬರ್, ಪಾರ್ಟ್ ನಂಬರ್, ಹಿಂದಿನ ಜಾಬಿನ ಕೊನೆಯ ಪೀಸ್ ಇಳಿದ ಸಮಯ, ಹೊಸ ಜಾಬಿನ ಮೊದಲ ಒಪ್ಪಿಗೆಯ ಪೀಸ್ ಬಂದ ಸಮಯ, ಲಾಟ್ ಸಂಖ್ಯೆ, ರಿಜೆಕ್ಷನ್ ಮತ್ತು ಅದು ಕಂಡ ಆಪರೇಷನ್, ಕೊಟ್ಟ ದಿನಾಂಕ, ಹೋದ ದಿನಾಂಕ. ಬರೆಯುವವನು ಆಪರೇಟರೇ, ಸೂಪರ್‌ವೈಜರ್ ರಜೆಯಲ್ಲಿದ್ದರೂ, ಬದಲಾದರೂ ಬರಹ ನಿಲ್ಲಬಾರದೆಂದು ಹಾಗೆ ಇಟ್ಟಿದ್ದೇವೆ. ಉದ್ಯಮಬಾಗ, ಮಚ್ಛೆ, ಹೊನಗಾ, ಆಟೋ ನಗರದವರು ಯಾರಾದರೂ ತಮ್ಮಲ್ಲೂ ಇದೇ ಕಾಲಂಗಳನ್ನು ತುಂಬಿ ತಂದರೆ, ಎರಡೂ ಪುಟಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಕುಳಿತುಕೊಳ್ಳಲು ನಾನು ಸಿದ್ಧ. ಮೊದಲು ನೋಡಬೇಕೆಂದಿರುವುದು ಸಣ್ಣ ಲಾಟ್‌ಗಳ ಸೆಟ್ಟಿಂಗ್ ಸಮಯ. ಬಾರ್ ಫೀಡರ್ (ಲೋಹದ ಕಂಬಿಯನ್ನು ಮಷಿನ್ನಿಗೆ ತಾನಾಗಿ ಉಣಿಸುವ ಸಾಧನ) ಇರುವವರ ಅಂಕಿಗಳನ್ನು ಬೇರೆ ಇಡಬೇಕಾಗುತ್ತದೆ.